ಪಾಂಡವಪುರ ಉಪವಿಭಾಗದಲ್ಲಿ ಸೈಕಲ್ ಸವಾರಿ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ (ಕೆ.ಆರ್. ಪೇಟೆ) ಮತ್ತು ನಾಗಮಂಗಲ ತಾಲ್ಲೂಕುಗಳು ಸೇರಿ ಮಂಡ್ಯ ಜಿಲ್ಲೆಯ ಪಾಂಡವಪುರ ಕಂದಾಯ ಉಪವಿಭಾಗ ಆಗಿದೆ. ಇಲ್ಲಿ ಸೈಕಲ್‌ಗೆ ಎರಡು ಬಗೆಯ ಬಳಕೆ ಇದೆ. ಹೊಲ, ಶಾಲೆ, ಹಾಲಿನ ಡೇರಿ, ರೈಲು ನಿಲ್ದಾಣಗಳಿಗೆ ಹೋಗಿಬರುವ ದಿನನಿತ್ಯದ ವಾಹನವಾಗಿ ಅದು ಹಳೆಯದು. ಬೆಟ್ಟ, ನಾಲೆ ಏರಿ, ಕೆರೆದಂಡೆಗಳ ಮೇಲೆ ಗೇರ್ ಸೈಕಲ್ ತುಳಿಯುವ ಹವ್ಯಾಸ ಮತ್ತು ಕ್ರೀಡೆಯಾಗಿ ಹೊಸದು. ಎರಡೂ ನೆಚ್ಚಿಕೊಂಡಿರುವುದು ಒಂದೇ ದಾರಿಗಳನ್ನು: ಹೆದ್ದಾರಿ ಬಿಟ್ಟು ಊರಿಂದೂರಿಗೆ ಹೋಗುವ ಕಿರಿದಾದ ರಸ್ತೆಗಳನ್ನು.

ನೆಲ ಮತ್ತು ದಾರಿಗಳು

ಉಪವಿಭಾಗದ ದಕ್ಷಿಣ ಭಾಗ ಕಾವೇರಿ ಬಯಲು. ಉತ್ತರಕ್ಕೆ ಹೋದಂತೆ ನೆಲ ಏರುತ್ತದೆ, ಒಣಗುತ್ತದೆ. ಶ್ರೀರಂಗಪಟ್ಟಣ ತಾಲ್ಲೂಕು ಮತ್ತು ಪಾಂಡವಪುರದ ತಗ್ಗು ಭಾಗಗಳಲ್ಲಿ ವಿಶ್ವೇಶ್ವರಯ್ಯ ನಾಲೆ, ವಿರಿಜಾ ನಾಲೆ, ಚಿಕ್ಕದೇವರಾಯ ಸಾಗರ ನಾಲೆಗಳು ಹರಿಯುತ್ತವೆ. ನಾಲೆ ಮಟ್ಟಸವಾಗಿ ಹರಿಯುವುದರಿಂದ ಅದರ ಏರಿಯ ದಾರಿಯೂ ಬಹುಪಾಲು ಸಮತಟ್ಟು. ಗದ್ದೆ, ಕಬ್ಬಿನ ತೋಟ, ಆಲೆಮನೆಗಳ ನಡುವಿನ ಈ ದಾರಿಗಳಲ್ಲಿ ಗೇರ್ ಇಲ್ಲದ ಸೈಕಲ್ಲೂ ಸಲೀಸಾಗಿ ಓಡುತ್ತದೆ.

ಶ್ರೀರಂಗಪಟ್ಟಣಕ್ಕೆ ಹೊಂದಿಕೊಂಡ ಕರಿಘಟ್ಟ ಈ ಬಯಲಿನಲ್ಲಿ ಒಂಟಿಯಾಗಿ ನಿಂತ ಬೆಟ್ಟ. ಅದರ ಬುಡದ ಹತ್ತಿರವೇ ಲೋಕಪಾವನಿ ಹೊಳೆ ಕಾವೇರಿಯನ್ನು ಸೇರುತ್ತದೆ. ಮೇಲೆ ಶ್ರೀನಿವಾಸ ದೇವಾಲಯವಿದ್ದು, ಹತ್ತಲು ಮೆಟ್ಟಿಲುಗಳ ಜೊತೆಗೆ ಸುತ್ತು ರಸ್ತೆಯೂ ಇದೆ. ಮೈಸೂರಿನಿಂದ ಬೆಳಿಗ್ಗೆ ಹೊರಟು ಬಿಸಿಲೇರುವ ಮೊದಲೇ ಮನೆ ಸೇರಬಯಸುವ ಸವಾರರಿಗೆ ಇದು ಹತ್ತಿರದ ಏರು.

ಪಾಂಡವಪುರ ತಾಲ್ಲೂಕಿನಲ್ಲಿ ಕುಂತಿಬೆಟ್ಟದ ಹೆಬ್ಬಂಡೆಗಳು, ತೊಣ್ಣೂರು ಕೆರೆ, ಮೇಲುಕೋಟೆಯ ಗುಡ್ಡಸಾಲು ಇವೆ. ಜಕ್ಕನಹಳ್ಳಿಯಿಂದ ಮೇಲುಕೋಟೆಗೆ ಏರುವ ರಸ್ತೆ ಉಪವಿಭಾಗದ ಮುಖ್ಯ ಏರುದಾರಿಗಳಲ್ಲೊಂದು. ಕನ್ನಂಬಾಡಿ ಕಟ್ಟೆಯ ಹಿನ್ನೀರಿನ ದಂಡೆಯಲ್ಲಿ, ಹೊಸಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯದತ್ತ ಹೋಗುವ ದಾರಿಯೂ ಸವಾರರಿಗೆ ಪರಿಚಿತ. ಅಲ್ಲಿ ಏರು ಕಡಿಮೆ, ಆದರೆ ಗಾಳಿ ಹೆಚ್ಚು.

ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ ಹೇಮಾವತಿ ಹೊಳೆ, ಹೇಮಗಿರಿ, ಹೊಸಹೊಳಲು ಮತ್ತು ಕಿಕ್ಕೇರಿಯ ಹೊಯ್ಸಳ ದೇವಾಲಯಗಳು, ನಾರಾಯಣದುರ್ಗ ಇವೆ. ಊರುಗಳ ನಡುವೆ ದೂರ ಹೆಚ್ಚು, ವಾಹನ ಕಡಿಮೆ. ಒಂದು ಹಗಲಿನ ಉದ್ದ ಸವಾರಿಗೆ ಇದು ತಕ್ಕ ಪ್ರದೇಶ. ನಾಗಮಂಗಲ ತಾಲ್ಲೂಕು ಹೆಚ್ಚಾಗಿ ಮಳೆಯಾಶ್ರಿತ. ಕೆಂಪು ಮಣ್ಣು, ರಾಗಿ ಹೊಲ, ತೆಂಗಿನ ತೋಟ, ಕಲ್ಲುಗುಡ್ಡಗಳ ನಾಡು. ಇದರ ಉತ್ತರದಲ್ಲಿ ಆದಿಚುಂಚನಗಿರಿ ಬೆಟ್ಟವಿದೆ. ಇಲ್ಲಿನ ರಸ್ತೆಗಳು ಅಲೆಅಲೆಯಾಗಿ ಏರಿಳಿಯುವುದರಿಂದ ದಾರಿಯುದ್ದಕ್ಕೂ ಗೇರ್ ಬದಲಿಸುತ್ತಲೇ ಇರಬೇಕಾಗುತ್ತದೆ.

ಬಳಕೆಯ ಇತಿಹಾಸ

ಎರಡು ಸಮ ಚಕ್ರಗಳ, ಹಿಂದಿನ ಚಕ್ರಕ್ಕೆ ಚೈನು ಜೋಡಿಸಿದ ಇಂದಿನ ಮಾದರಿಯ ಸೈಕಲ್ 1885ರಲ್ಲಿ ಇಂಗ್ಲೆಂಡಿನಲ್ಲಿ ರೂಪುಗೊಂಡಿತು. ಗಾಳಿ ತುಂಬಿದ ಟೈರನ್ನು ಡನ್‌ಲಪ್ 1888ರಲ್ಲಿ ತಂದರು. ಭಾರತಕ್ಕೆ ಮೊದಲು ಆಮದಾಗುತ್ತಿದ್ದ ಸೈಕಲ್ ಸ್ವಾತಂತ್ರ್ಯದ ನಂತರ ಇಲ್ಲೇ ದೊಡ್ಡ ಪ್ರಮಾಣದಲ್ಲಿ ತಯಾರಾಗತೊಡಗಿತು. ಮದರಾಸಿನ ಅಂಬತ್ತೂರಿನ ಟಿ.ಐ. ಸೈಕಲ್ಸ್, ಸೋನಿಪತ್‌ನ ಅಟ್ಲಾಸ್, ಲೂಧಿಯಾನದ ಹೀರೊ ಕಾರ್ಖಾನೆಗಳು ನೆಲೆಯೂರಿದ್ದು 1949ರಿಂದ 1956ರ ನಡುವೆ. ಹರ್ಕ್ಯುಲಿಸ್, ಅಟ್ಲಾಸ್, ಹೀರೊ ಎಂಬ ಹೆಸರುಗಳು ಹಳ್ಳಿಯ ಮನೆಮಾತಾದುದು ಈ ಕಾರ್ಖಾನೆಗಳಿಂದ.

ಹಳೆ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಕಪ್ಪು ಬಣ್ಣದ, ಅಡ್ಡಬಾರ್ ಇರುವ 'ದೊಡ್ಡ ಸೈಕಲ್' ಮನೆಯ ಆಸ್ತಿಯಾಗಿತ್ತು. ಕ್ಯಾರಿಯರ್ ಮೇಲೆ ಹುಲ್ಲಿನ ಹೊರೆ, ಹ್ಯಾಂಡಲ್‌ಗೆ ಹಾಲಿನ ಕ್ಯಾನು, ಮುಂದಿನ ಬಾರ್ ಮೇಲೆ ಮಗು, ಒಂದೇ ಸಲಕ್ಕೆ ಎಲ್ಲವೂ ಸಾಗುತ್ತಿತ್ತು. ಕಾಲು ಎಟುಕದ ಹುಡುಗರು ಬಾರ್‌ನ ಕೆಳಗಿಂದ ಕಾಲು ತೂರಿಸಿ ಒಳಪೆಡಲು ತುಳಿದು ಕಲಿಯುತ್ತಿದ್ದರು. ಸೈಕಲ್ ಇಲ್ಲದವರಿಗೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ ಕೊಡುವ ಅಂಗಡಿಗಳಿದ್ದವು. ಮೊಪೆಡ್, ಬೈಕುಗಳು ಬಂದಮೇಲೆ ಬಾಡಿಗೆ ಅಂಗಡಿಗಳು ಮುಚ್ಚುತ್ತ ಬಂದು, ಉಳಿದವು ಪಂಚರ್ ಅಂಗಡಿಗಳಾದವು. ಹೀಗಿದ್ದರೂ 2011ರ ಜನಗಣತಿಯ ಪ್ರಕಾರ ದೇಶದ ಶೇ 44.8ರಷ್ಟು ಮನೆಗಳಲ್ಲಿ ಸೈಕಲ್ ಇತ್ತು.

ಸೈಕಲ್ ಮತ್ತೆ ಹಳ್ಳಿಯ ಮನೆಗಳಿಗೆ ಬಂದದ್ದು ಶಾಲೆಯ ಮೂಲಕ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ 8ನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆಯನ್ನು ರಾಜ್ಯ ಸರ್ಕಾರ 2006-07ರಲ್ಲಿ ಆರಂಭಿಸಿತು. ಎಚ್.ಡಿ. ಕುಮಾರಸ್ವಾಮಿ ಆಗ ಮುಖ್ಯಮಂತ್ರಿ. ಉಪಮುಖ್ಯಮಂತ್ರಿಯಾಗಿ ಹಣಕಾಸು ಖಾತೆ ನೋಡಿಕೊಳ್ಳುತ್ತಿದ್ದ ಬಿ.ಎಸ್. ಯಡಿಯೂರಪ್ಪ ಕೆ.ಆರ್. ಪೇಟೆ ತಾಲ್ಲೂಕಿನ ಬೂಕನಕೆರೆಯವರು. ಮೊದಲು ಹೆಣ್ಣುಮಕ್ಕಳಿಗಿದ್ದ ಸೌಲಭ್ಯ ಮುಂದೆ ಗಂಡುಮಕ್ಕಳಿಗೂ ವಿಸ್ತರಿಸಿತು. ಪ್ರಾಥಮಿಕ ಶಾಲೆ ಮಾತ್ರ ಇರುವ ಊರುಗಳ ಮಕ್ಕಳು ಪಕ್ಕದ ಹೋಬಳಿ ಕೇಂದ್ರದ ಪ್ರೌಢಶಾಲೆಗೆ ಬಸ್ಸಿನ ವೇಳೆಗೆ ಕಾಯದೆ ಹೋಗಲು ಇದರಿಂದ ಅನುಕೂಲವಾಯಿತು. ಕೋವಿಡ್ ಕಾಲದಲ್ಲಿ ವಿತರಣೆ ನಿಂತುಹೋಯಿತು.

ಮೌಂಟನ್ ಬೈಕ್: ರಚನೆ ಮತ್ತು ಸಾಮರ್ಥ್ಯ

ಮೌಂಟನ್ ಬೈಕ್ ಹುಟ್ಟಿದ್ದು 1970ರ ದಶಕದಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಗುಡ್ಡಗಳಲ್ಲಿ. ಜೋ ಬ್ರೀಜ್, ಗ್ಯಾರಿ ಫಿಶರ್ ಮೊದಲಾದವರು ಹಳೆಯ ದಪ್ಪ ಟೈರಿನ ಸೈಕಲ್‌ಗಳನ್ನು ಮಾರ್ಪಡಿಸಿ ಮಣ್ಣಿನ ಇಳಿಜಾರಿನಲ್ಲಿ ಓಡಿಸುತ್ತಿದ್ದರು. 1981ರಲ್ಲಿ ಸ್ಪೆಷಲೈಜ್ಡ್ ಕಂಪನಿಯ ಸ್ಟಂಪ್‌ಜಂಪರ್ ಮಾರುಕಟ್ಟೆಗೆ ಬಂದಮೇಲೆ ಇದು ಕಾರ್ಖಾನೆಯ ಸರಕಾಯಿತು. ದಪ್ಪ ಗುಬಟಿನ ಟೈರು, ಅಗಲ ಹ್ಯಾಂಡಲ್, ಮುಂದೆ ಶಾಕ್ ಅಬ್ಸಾರ್ಬರ್ ಇರುವ ಫೋರ್ಕು, ಡಿಸ್ಕ್ ಬ್ರೇಕ್, ಬಲು ಹಗುರದ ಗೇರು ಇದರ ಗುರುತು. ಚಕ್ರದ ಅಳತೆ ಮೊದಲು 26 ಅಂಗುಲವಿತ್ತು, ಈಗ 27.5 ಮತ್ತು 29 ಅಂಗುಲದವು ಹೆಚ್ಚು.

ದೊಡ್ಡ ಸೈಕಲ್‌ಗೂ ಇದಕ್ಕೂ ಇರುವ ವ್ಯತ್ಯಾಸ ಏರಿನಲ್ಲಿ ತಿಳಿಯುತ್ತದೆ. ಮುಂದೆ 44, ಹಿಂದೆ 18 ಹಲ್ಲುಗಳಿರುವ ಗೇರಿಲ್ಲದ ಸೈಕಲ್ ಪೆಡಲಿನ ಒಂದು ಸುತ್ತಿಗೆ 5 ಮೀಟರ್‌ಗಿಂತ ತುಸು ಹೆಚ್ಚು ದೂರ ಸಾಗುತ್ತದೆ. ಮುಂದೆ 32, ಹಿಂದೆ 51 ಹಲ್ಲುಗಳ ಗೇರಿಗೆ ಹಾಕಿದ ಮೌಂಟನ್ ಬೈಕ್ ಸಾಗುವುದು ಒಂದೂವರೆ ಮೀಟರ್‌ಗಿಂತ ಕಡಿಮೆ. ಏರಿನಲ್ಲಿ ಮೊದಲನೆಯದನ್ನು ನಿಂತು ತುಳಿದರೂ ಸಾಗದೆ ಇಳಿದು ತಳ್ಳಬೇಕಾಗುತ್ತದೆ. ಎರಡನೆಯದರಲ್ಲಿ ಕುಳಿತೇ, ನಿಧಾನವಾಗಿ, ಮೇಲೆ ಹೋಗಬಹುದು.

ಗೇರು ಶ್ರಮವನ್ನು ಹಂಚುತ್ತದೆಯೇ ಹೊರತು ಕಳೆಯುವುದಿಲ್ಲ. ಸವಾರ ಮತ್ತು ಸೈಕಲ್ ಸೇರಿ 80 ಕೆ.ಜಿ. ಎಂದಿಟ್ಟುಕೊಂಡರೆ, 100 ಮೀಟರ್‌ಗೆ 8 ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 9 ಕಿ.ಮೀ. ವೇಗದಲ್ಲಿ ಹೋಗಲು ಭೂಮಿಯ ಸೆಳೆತಕ್ಕೆದುರಾಗಿಯೇ ಸುಮಾರು 157 ವ್ಯಾಟ್ ಶಕ್ತಿ ಬೇಕು. ಟೈರಿನ ಘರ್ಷಣೆಯ ಲೆಕ್ಕ ಬೇರೆ. ಸೈಕಲ್ಲಿನ ತೂಕ 2 ಕೆ.ಜಿ. ಇಳಿದರೆ ಇದರಲ್ಲಿ ಉಳಿಯುವುದು ಶೇ 2.5 ಮಾತ್ರ. ಹವ್ಯಾಸಿಗಳಿಗೆ ದುಬಾರಿ ಹಗುರ ಬಿಡಿಭಾಗಕ್ಕಿಂತ ಅಭ್ಯಾಸವೇ ಹೆಚ್ಚು ಫಲ ಕೊಡುವುದು ಇದರಿಂದ. ಬಯಲಿನಲ್ಲಿ ಎದುರಾಳಿ ಗಾಳಿ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ, ವೇಗ ಇಮ್ಮಡಿಯಾದರೆ ಎಂಟು ಪಟ್ಟಾಗುತ್ತದೆ. ಆಷಾಢದ ಗಾಳಿಯಲ್ಲಿ ಹಿನ್ನೀರಿನ ಬಯಲು ದಾರಿ ಬೆಟ್ಟದಷ್ಟೇ ಸುಸ್ತು ಮಾಡುವುದು ಈ ಕಾರಣಕ್ಕೆ.

ಈ ನೆಲಕ್ಕೆ ಟೈರಿನ ಆಯ್ಕೆ ಮುಖ್ಯ. ಕೆರೆದಂಡೆ, ಕಾಲುದಾರಿಗಳಲ್ಲಿ ಜಾಲಿ ಮುಳ್ಳಿನ ಕಾಟವಿದೆ. ಟ್ಯೂಬ್ ಇಲ್ಲದೆ ಒಳಗೆ ದ್ರವದ ಸೀಲಂಟ್ ಹಾಕಿದ ಟೈರಾದರೆ ಸಣ್ಣ ತೂತು ತಾನೇ ಮುಚ್ಚಿಕೊಳ್ಳುತ್ತದೆ. ಗಾಳಿಯ ಒತ್ತಡ ಕಡಿಮೆ ಇಟ್ಟುಕೊಳ್ಳಬಹುದಾದ್ದರಿಂದ ಬಂಡೆ, ಸಡಿಲ ಮಣ್ಣಿನ ಮೇಲೆ ಹಿಡಿತವೂ ಹೆಚ್ಚುತ್ತದೆ. ಹಳ್ಳಿಯ ಪಂಚರ್ ಅಂಗಡಿಯಲ್ಲಿ ಪ್ಯಾಚು ಹಾಕುವುದು, ರಿಮ್ಮಿನ ಬೆಂಡು ತೆಗೆಯುವುದು ಸುಲಭ. ಹೈಡ್ರಾಲಿಕ್ ಬ್ರೇಕ್, ಶಾಕ್ ಅಬ್ಸಾರ್ಬರ್ ರಿಪೇರಿಗೆ ಮೈಸೂರಿನಂಥ ನಗರದ ಅಂಗಡಿಯೇ ಬೇಕಾಗುತ್ತದೆ.

ಸ್ಪರ್ಧೆ

ಗ್ರಾಮೀಣ ಕ್ರೀಡಾಕೂಟಗಳಲ್ಲಿ ಸೈಕಲ್ ಸ್ಪರ್ಧೆಗೆ ಎರಡು ರೂಪಗಳಿವೆ: ವೇಗದ ಓಟ ಮತ್ತು ನಿಧಾನ ಸೈಕಲ್ ಓಟ. ನಿಧಾನದ ಓಟದಲ್ಲಿ ಕಾಲು ನೆಲಕ್ಕೆ ತಾಗಿಸದೆ ಕೊನೆಯವನಾಗಿ ಗೆರೆ ಮುಟ್ಟಿದವನೇ ಗೆದ್ದವ. ಸಮತೋಲನ, ಬ್ರೇಕಿನ ಹದ, ಹ್ಯಾಂಡಲ್ ಮೇಲಿನ ಹಿಡಿತ ಇಲ್ಲಿ ಪರೀಕ್ಷೆಯಾಗುತ್ತವೆ. ಬಂಡೆಗಳ ನಡುವೆ ಮೌಂಟನ್ ಬೈಕ್ ನಡೆಸಲು ಬೇಕಾದವೂ ಇವೇ. ಊರ ಬಯಲಿನಲ್ಲಿ ಹಗಲು ರಾತ್ರಿ ಇಳಿಯದೆ ಸುತ್ತುತ್ತ, ಸೈಕಲ್ ಮೇಲೇ ಕಸರತ್ತು ತೋರಿಸುತ್ತಿದ್ದ ಸೈಕಲ್ ಸರ್ಕಸ್‌ನವರನ್ನು ಹಳಬರು ಈಗಲೂ ನೆನೆಯುತ್ತಾರೆ.

ಅಧಿಕೃತ ಮೌಂಟನ್ ಬೈಕ್ ಸ್ಪರ್ಧೆಯಲ್ಲಿ ಮುಖ್ಯವಾದವು ಕ್ರಾಸ್‌ಕಂಟ್ರಿ ಮತ್ತು ಡೌನ್‌ಹಿಲ್. ಕ್ರಾಸ್‌ಕಂಟ್ರಿಯಲ್ಲಿ ಎಲ್ಲರೂ ಒಟ್ಟಿಗೆ ಹೊರಟು ಏರಿಳಿತದ ಸುತ್ತುದಾರಿಯನ್ನು ಹಲವು ಬಾರಿ ಸುತ್ತುತ್ತಾರೆ. ಡೌನ್‌ಹಿಲ್‌ನಲ್ಲಿ ಒಬ್ಬೊಬ್ಬರಾಗಿ ಇಳಿದು ಸಮಯದ ಲೆಕ್ಕದಲ್ಲಿ ಗೆಲ್ಲುತ್ತಾರೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಸಿದ್ದು 1990ರಲ್ಲಿ. 1996ರ ಅಟ್ಲಾಂಟಾ ಕ್ರೀಡಾಕೂಟದಲ್ಲಿ ಕ್ರಾಸ್‌ಕಂಟ್ರಿ ಒಲಿಂಪಿಕ್ಸ್‌ಗೆ ಸೇರಿತು. 2023ರ ಅಕ್ಟೋಬರ್‌ನಲ್ಲಿ ಏಷ್ಯನ್ ಚಾಂಪಿಯನ್‌ಷಿಪ್ ಕೇರಳದ ಪೊನ್ಮುಡಿಯಲ್ಲಿ ನಡೆಯಿತು.

ಕರ್ನಾಟಕದಲ್ಲಿ ಸ್ಪರ್ಧಾ ಸೈಕ್ಲಿಂಗ್‌ನ ತವರು ಉತ್ತರದ ವಿಜಯಪುರ, ಬಾಗಲಕೋಟೆ, ಗದಗ ಜಿಲ್ಲೆಗಳು. ವಿಜಯಪುರ ಮತ್ತು ಬಾಗಲಕೋಟೆಗಳ ಕ್ರೀಡಾ ನಿಲಯಗಳಲ್ಲಿ ತರಬೇತಿ ಪಡೆದ ಹಳ್ಳಿಯ ಮಕ್ಕಳು ರಾಷ್ಟ್ರಮಟ್ಟದಲ್ಲಿ ಪದಕ ಗೆಲ್ಲುತ್ತ ಬಂದಿದ್ದಾರೆ. 2021ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಮೌಂಟನ್ ಬೈಕ್ ಚಾಂಪಿಯನ್‌ಷಿಪ್ ಗದಗದ ಬಳಿ ನಡೆಯಿತು. ದಕ್ಷಿಣದಲ್ಲಿ ಕ್ರೀಡೆ ಬೆಳೆದದ್ದು ಬೆಂಗಳೂರು, ಮೈಸೂರುಗಳ ಹವ್ಯಾಸಿ ಬಳಗಗಳಿಂದ. 2008ರಲ್ಲಿ ಆರಂಭವಾದ ಟೂರ್ ಆಫ್ ನೀಲಗಿರೀಸ್ ಈ ವಲಯದ ಹೆಸರಾಂತ ಬಹುದಿನದ ಸವಾರಿ. ಗೆಲುವಿಗಿಂತ ಮುಗಿಸುವುದಕ್ಕೇ ಬೆಲೆ ಇರುವ ಬ್ರೆವೆ ಸವಾರಿಗಳೂ ಇವೆ. ಅವುಗಳಲ್ಲಿ 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 600 ಕಿ.ಮೀ.ಗೆ 40 ಗಂಟೆ ಗಡುವು.

ಪಾಂಡವಪುರ ಉಪವಿಭಾಗ ಉತ್ತರದ ಕ್ರೀಡಾ ನಿಲಯ, ದಕ್ಷಿಣದ ಹವ್ಯಾಸಿ ಬಳಗ ಎಂಬ ಈ ಎರಡು ಲೋಕಗಳ ನಡುವಿದೆ. ಅಭ್ಯಾಸಕ್ಕೆ ಬೇಕಾದ ಏರು, ಬಯಲು, ಮಣ್ಣುದಾರಿ ಎಲ್ಲವೂ ಒಂದು ದಿನದ ಅಳವಿನಲ್ಲಿವೆ. ಆದರೆ ಅವುಗಳ ಮೇಲೆ ಹೆಚ್ಚಾಗಿ ಕಾಣುವುದು ನಗರದಿಂದ ಬಂದ ಗೇರ್ ಸೈಕಲ್‌ಗಳು. ಇಲ್ಲಿನ ಮಕ್ಕಳನ್ನು ಸ್ಪರ್ಧೆಗೆ ತರಲು ವಿಜಯಪುರದ ಮಾದರಿಯ ನಿಲಯ, ತರಬೇತುದಾರರು ಮತ್ತು ಸೈಕಲ್‌ಗಳ ಆಸರೆ ಬೇಕು.

ಹಸಿರು ಸಂಚಾರ

ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಲೀಟರಿಗೆ 50 ಕಿ.ಮೀ. ಓಡುವ ಬೈಕಿನಲ್ಲಿ ದಿನಕ್ಕೆ 10 ಕಿ.ಮೀ. ಹೋಗಿಬಂದರೆ ಅರ್ಧ ಕೆ.ಜಿ.ಗೆ ಹತ್ತಿರ, ವರ್ಷದಲ್ಲಿ 250 ದಿನವಾದರೆ ಸುಮಾರು 115 ಕೆ.ಜಿ., ಅದಕ್ಕೆ 50 ಲೀಟರ್ ಪೆಟ್ರೋಲ್. ಡೇರಿ, ಸೊಸೈಟಿ, ಶಾಲೆ, ಸಂತೆಗಳ ಓಡಾಟ ಹೆಚ್ಚಾಗಿ ಈ ಅಳತೆಯೊಳಗೇ ಬರುವುದರಿಂದ ಸೈಕಲ್ ಬದಲಿಯಾಗಬಲ್ಲದು ಇಂಥ ಕಡೆ.

ದೂರದ ಕೆಲಸಕ್ಕೆ ಸೈಕಲ್ ಒಂದೇ ಸಾಲದು. ರೈಲಿನೊಡನೆ ಸೇರಿದರೆ ಸಾಕಾಗುತ್ತದೆ. ಶ್ರೀರಂಗಪಟ್ಟಣ ಮತ್ತು ಪಾಂಡವಪುರ ನಿಲ್ದಾಣಗಳು ಬೆಂಗಳೂರು–ಮೈಸೂರು ಮಾರ್ಗದಲ್ಲಿವೆ. ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳು, ಮಂದಗೆರೆಗಳು ಮೈಸೂರು–ಹಾಸನ ಮಾರ್ಗದಲ್ಲೂ, ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರ 2017ರಲ್ಲಿ ತೆರೆದ ಬೆಂಗಳೂರು–ಶ್ರವಣಬೆಳಗೊಳ–ಹಾಸನ ಮಾರ್ಗದಲ್ಲೂ ಇವೆ. ಮೈಸೂರಿನಲ್ಲಿ 2017ರ ಜೂನ್‌ನಲ್ಲಿ 450 ಸೈಕಲ್‌ಗಳೊಂದಿಗೆ ಆರಂಭವಾದ 'ಟ್ರಿಣ್ ಟ್ರಿಣ್' ಸಾರ್ವಜನಿಕ ಸೈಕಲ್ ಸೇವೆ ರೈಲು ಇಳಿದವರ ಮುಂದಿನ ಪಯಣವನ್ನೂ ಗಮನದಲ್ಲಿಟ್ಟುಕೊಂಡಿತ್ತು. ಅದರ ವ್ಯಾಪ್ತಿ ನಗರಕ್ಕೆ ಸೀಮಿತವಾಗಿತ್ತು. ಪಾದಚಾರಿ ಮತ್ತು ಸೈಕಲ್ ಸವಾರರ ಹಕ್ಕುಗಳನ್ನು ಕಾನೂನಾಗಿಸುವ ಕರಡು ಮಸೂದೆಯೊಂದನ್ನು ರಾಜ್ಯದ ನಗರ ಭೂಸಾರಿಗೆ ನಿರ್ದೇಶನಾಲಯ ಸಿದ್ಧಪಡಿಸಿತ್ತು.

ಸುರಕ್ಷತೆ ಮತ್ತು ನಿರ್ಬಂಧಗಳು

2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಅದೇ ವರ್ಷ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳ ಜೊತೆಗೆ ಮೋಟಾರಿಲ್ಲದ ವಾಹನಗಳಿಗೂ ಪ್ರವೇಶವಿಲ್ಲ. ಸೈಕಲ್ ಸವಾರರು ಸರ್ವೀಸ್ ರಸ್ತೆಯಲ್ಲೇ ಹೋಗಬೇಕು. ಬೈಕು, ಆಟೊ, ಟ್ರ್ಯಾಕ್ಟರ್ ಎಲ್ಲವೂ ಅದೇ ರಸ್ತೆಗೆ ಇಳಿದಿರುವುದರಿಂದ ದಟ್ಟಣೆ ಅಲ್ಲಿಗೆ ವರ್ಗವಾಗಿದೆ.

ನಾಲೆ ಏರಿಯ ದಾರಿಗಳಲ್ಲಿ ತಡೆಗೋಡೆ ಇಲ್ಲದ ಕಡೆಗಳಿವೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಸತ್ತರು. ಕಬ್ಬು ಅರೆಯುವ ಕಾಲದಲ್ಲಿ ಅಗಲವಾಗಿ ಹೇರಿದ ಟ್ರ್ಯಾಕ್ಟರ್‌ಗಳು, ಸುಗ್ಗಿಯಲ್ಲಿ ರಸ್ತೆಯ ಮೇಲೆ ಒಕ್ಕಣೆಗೆ ಹರಡಿದ ರಾಗಿ, ಹುರುಳಿ ಸೈಕಲ್‌ಗೆ ಅಪಾಯ. ಹುರುಳಿಯ ಬಳ್ಳಿ ಚೈನು, ಗೇರಿಗೆ ಸುತ್ತಿಕೊಳ್ಳುತ್ತದೆ. ಕತ್ತಲಲ್ಲಿ ಮುಂದೆ ದೀಪ, ಹಿಂದೆ ಕೆಂಪು ಪ್ರತಿಫಲಕ ಅಗತ್ಯ.

ಗುಡ್ಡಗಳೆಲ್ಲ ಸವಾರಿಗೆ ಮುಕ್ತವಲ್ಲ. ಮೇಲುಕೋಟೆಯ ಸುತ್ತ ತೋಳಗಳ ರಕ್ಷಣೆಗೆಂದು 1974ರಲ್ಲಿ ಘೋಷಿಸಿದ 49.82 ಚದರ ಕಿ.ಮೀ. ವನ್ಯಜೀವಿಧಾಮವಿದೆ, ಆದಿಚುಂಚನಗಿರಿಯಲ್ಲಿ ನವಿಲುಧಾಮವಿದೆ. ಅರಣ್ಯದೊಳಗೆ ಹೋಗಲು ಇಲಾಖೆಯ ಅನುಮತಿ ಬೇಕು. ಬೇಸಿಗೆಯಲ್ಲಿ ಒಣಹುಲ್ಲಿಗೆ ಬೆಂಕಿ ತಗಲುವ ಭಯವಿರುವುದರಿಂದ ಗುಡ್ಡಗಳ ಮೇಲೆ ಬೆಂಕಿ ಹಚ್ಚುವಂತಿಲ್ಲ. ಡಾಂಬರು ರಸ್ತೆ ಮತ್ತು ಊರಿನ ಬಂಡಿದಾರಿಗಳಿಗೆ ಇಲಾಖೆಯ ಅನುಮತಿ ಬೇಕಿಲ್ಲ; ಉಪವಿಭಾಗದ ಸವಾರಿ ನಡೆಯುವುದು ಬಹುಪಾಲು ಅವುಗಳ ಮೇಲೆಯೇ. ಆ ದಾರಿಗಳ ಅಂಚು ಕುಸಿಯದಂತೆ, ನಾಲೆಯ ಬದಿಗೆ ತಡೆಗೋಡೆ ಇರುವಂತೆ ನೋಡಿಕೊಂಡರೆ ಅದರ ಲಾಭ ಹಾಲಿನ ಕ್ಯಾನು ಹೊತ್ತ ರೈತನಿಗೂ, ಶಾಲೆಯ ಮಕ್ಕಳಿಗೂ, ಸ್ಪರ್ಧೆಗೆ ಅಭ್ಯಾಸ ಮಾಡುವವರಿಗೂ ಸಮನಾಗಿ ಸಿಗುತ್ತದೆ.