ಜಾಡಿಯ ಗೊಜ್ಜು, ಬಾಟಲಿಯ ಸಾಸು

ಎರಡು ವರ್ಷದ ಹಿಂದಿನ ಮಾತು. ಇಂಗ್ಲೆಂಡಿನ ಲೆಸ್ಟರಿನಲ್ಲಿ ಓದುತ್ತಿದ್ದ ನನ್ನ ಮಗಳು ಒಂದು ರಾತ್ರಿ ಫೋನು ಮಾಡಿದಳು. ನಮಗೆ ಹನ್ನೊಂದೂವರೆ, ಅವಳಿಗೆ ಸಂಜೆ ಏಳು. ತಾಯಂದಿರು ಕೇಳುವ ಮೊದಲ ಪ್ರಶ್ನೆಯನ್ನೇ ನಾನೂ ಕೇಳಿದೆ, "ಏನು ಅಡಿಗೆ ಮಾಡಿಕೊಂಡೆ?"

"ಬಾಟಲಿ ಸಾಸು ಅಮ್ಮಾ. ಈರುಳ್ಳಿ, ಹೂಕೋಸು ಹುರಿದೆ, ಮೇಲೆ ಸಾಸು ಸುರಿದೆ, ಇಪ್ಪತ್ತು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿದೆ, ಆಯಿತು. ಅಜ್ಜಿಗೆ ಮಾತ್ರ ಹೇಳಬೇಡ."

ನನಗೆ ನಗು ಬಂತು. ಏಕೆಂದರೆ ಇದೇ ಅಜ್ಜಿಗೆ, ಅಂದರೆ ನಮ್ಮ ಅತ್ತೆಯವರಿಗೆ ಹೆದರಿ 1996ರಲ್ಲಿ ನಾನು ಪುಳಿಯೋಗರೆ ಪುಡಿಯ ಪೊಟ್ಟಣವನ್ನು ಬೇಳೆ ಡಬ್ಬಿಯ ಹಿಂದೆ ಬಚ್ಚಿಟ್ಟವಳು. ಬೆಳಿಗ್ಗೆ ಎರಡು ಪೀರಿಯಡ್ಡು, ಮಧ್ಯಾಹ್ನ ಮೂರು, ಸಂಜೆ ಮನೆಗೆ ಬಂದರೆ ನೋಟುಬುಕ್ಕಿನ ಕಟ್ಟು. ಇದರ ನಡುವೆ ಮೆಣಸಿನಕಾಯಿ, ಕೊತ್ತಂಬರಿ, ಮೆಂತ್ಯ ಹುರಿದು ಕುಟ್ಟಿ ಪುಡಿ ಮಾಡುವುದು ಯಾವಾಗ? ಆದರೂ ಆ ಪೊಟ್ಟಣ ಕೊಂಡ ದಿನ ಕಳ್ಳತನ ಮಾಡಿದಂತೆ ಎದೆ ಹೊಡೆದುಕೊಂಡಿತ್ತು. "ಮನೆಯಲ್ಲಿ ಇಬ್ಬರು ಹೆಂಗಸರಿದ್ದೂ ಅಂಗಡಿಯಿಂದ ತರೋದೇ?" ಎಂಬ ಮಾತನ್ನು ಅತ್ತೆಯವರು ಆಡಿರಲಿಲ್ಲ. ಆಡುತ್ತಾರೆಂದು ನಾನೇ ಭಾವಿಸಿಕೊಂಡಿದ್ದೆ.

ಮಗಳ ಫೋನು ಬಂದ ಮೇಲೆ ನಾನು ಈ ಬಾಟಲಿಯ ಚರಿತ್ರೆಯನ್ನು ಸ್ವಲ್ಪ ಹುಡುಕಿಕೊಂಡು ಹೋದೆ. ಸಮಾಜ ಪಾಠ ಮಾಡುವವಳಿಗೆ ಅದೊಂದು ಚಟ. ಮಕ್ಕಳಿಗೆ ನೆಪೋಲಿಯನ್ನನ ಯುದ್ಧಗಳನ್ನು ಎಷ್ಟೋ ವರ್ಷ ಪಾಠ ಮಾಡಿದ್ದೆ. ಆದರೆ ನಮ್ಮ ಅಡಿಗೆಮನೆಯ ಬಾಟಲಿಗೂ ಆ ಕಾಲಕ್ಕೂ ನಂಟಿದೆ ಎಂದು ತಿಳಿದಿರಲಿಲ್ಲ.

1795ರಲ್ಲಿ ಫ್ರಾನ್ಸಿನ ಸರ್ಕಾರ ಆಹಾರವನ್ನು ಬಹುಕಾಲ ಕೆಡದಂತೆ ಇಡುವ ಉಪಾಯ ಹೇಳಿದವರಿಗೆ ಬಹುಮಾನ ಸಾರಿತು. ದೂರ ಹೋಗಿ ಕಾದಾಡುವ ಸೈನಿಕರ ಹೊಟ್ಟೆಯ ಚಿಂತೆ ಅದಕ್ಕೆ. ನಿಕೊಲಾ ಅಪೇರ್ ಎಂಬ ಮಿಠಾಯಿಗಾರ ವರ್ಷಾನುಗಟ್ಟಲೆ ಪ್ರಯೋಗ ಮಾಡಿದ. ತರಕಾರಿ, ಮಾಂಸ, ಸಾರುಗಳನ್ನು ಗಾಜಿನ ಬಾಟಲಿಗೆ ತುಂಬಿ, ಬಿರಡೆಯನ್ನು ಬಿಗಿಯಾಗಿ ಜಡಿದು, ತಂತಿ ಸುತ್ತಿ, ಕುದಿಯುವ ನೀರಿನಲ್ಲಿ ಇಟ್ಟ. ಅವು ತಿಂಗಳುಗಟ್ಟಲೆ ಕೆಡಲಿಲ್ಲ. 1810ರಲ್ಲಿ ಅವನಿಗೆ 12,000 ಫ್ರಾಂಕ್ ಸಿಕ್ಕಿತು. ಏಕೆ ಕೆಡುವುದಿಲ್ಲ ಎಂಬುದು ಮಾತ್ರ ಅವನಿಗೂ ಗೊತ್ತಿರಲಿಲ್ಲ. ಸೂಕ್ಷ್ಮಜೀವಿಗಳ ಮೇಲೆ ಲೂಯಿ ಪಾಶ್ಚರ್ ಕೆಲಸ ಮಾಡಿ ಕಾರಣ ಹೇಳಿದ್ದು ಅರ್ಧ ಶತಮಾನದ ನಂತರ. ನನಗೆ ಇಷ್ಟವಾದ ಸಂಗತಿ ಇನ್ನೊಂದಿದೆ. ಅದೇ ವರ್ಷ ಅಪೇರ್ ಬರೆದ ಪುಸ್ತಕದ ಹೆಸರು ಸೈನ್ಯದ್ದಲ್ಲ, 'ಎಲ್ಲ ಮನೆಗಳ ಪುಸ್ತಕ' ಎಂಬರ್ಥದ್ದು. ಬಹುಮಾನ ಸೈನಿಕರ ಲೆಕ್ಕದಲ್ಲಿ ಬಂದರೂ ಅವನ ಕಣ್ಣು ಮನೆಯ ಒಲೆಯ ಮೇಲಿತ್ತು ಎನ್ನಿಸುತ್ತದೆ.

ಹಾಗಾದರೆ ಬಾಟಲಿ ಅಡಿಗೆ ಫ್ರಾನ್ಸಿನವರದೇ? ಇಲ್ಲಿ ನನಗೆ ನಮ್ಮ ಅಜ್ಜಿಯ ಅಟ್ಟ ನೆನಪಾಗುತ್ತದೆ. ಅಲ್ಲಿ ಹಳದಿ ಬಿಳುಪಿನ ಪಿಂಗಾಣಿ ಜಾಡಿಗಳ ಸಾಲು. ಒಂದರಲ್ಲಿ ಮಾವಿನ ಉಪ್ಪಿನಕಾಯಿ, ಒಂದರಲ್ಲಿ ನೆಲ್ಲಿ, ಕೊನೆಯದರಲ್ಲಿ ಪುಳಿಯೋಗರೆ ಗೊಜ್ಜು. ಹುಣಸೆರಸಕ್ಕೆ ಉಪ್ಪು, ಬೆಲ್ಲ, ಮಸಾಲೆಪುಡಿ ಹಾಕಿ ಎಣ್ಣೆ ಬಿಡುವವರೆಗೆ ಕುದಿಸಿದರೆ ಅದು ವಾರಗಟ್ಟಲೆ ಇರುತ್ತಿತ್ತು. ನೆಂಟರು ದಿಢೀರನೆ ಬಂದರೆ ಅನ್ನ ಮಾಡಿ ಗೊಜ್ಜು ಕಲಸಿದರೆ ಮುಗಿಯಿತು. ಹುಳಿ, ಉಪ್ಪು, ನೀರಿನಂಶ ಇಂಗುವವರೆಗಿನ ಕುದಿತ, ಮೇಲೆ ನಿಂತ ಎಣ್ಣೆ, ಒದ್ದೆ ಸೌಟು ಮುಟ್ಟಿಸಬಾರದೆಂಬ ಕಟ್ಟಳೆ. ಈ ನಾಲ್ಕೈದು ಕಾವಲುಗಾರರು ಸೇರಿ ಗೊಜ್ಜನ್ನು ಕಾಯುತ್ತಿದ್ದರು. ಇಂದಿನ ಕಾರ್ಖಾನೆಯ ಬಾಟಲಿಯಲ್ಲೂ ಕೆಲಸ ಮಾಡುವುದು ಹೆಚ್ಚಾಗಿ ಹುಳಿ ಮತ್ತು ಶಾಖವೇ. ಜೊತೆಗೆ ಗಾಳಿ ಹೋಗದ ಮುಚ್ಚಳ. ಮೇಲುಕೋಟೆಯ ಪುಳಿಯೋಗರೆ ಉಂಡವರಿಗೆ ಈ ಹುಳಿಯ ಮಹಿಮೆಯನ್ನು ನಾನು ಹೇಳಬೇಕಾಗಿಲ್ಲ.

ನನ್ನ ಮಗಳು ಸುರಿದುಕೊಂಡ ಬಾಟಲಿಯ ಕಥೆಗೆ ಬರುತ್ತೇನೆ. ಅದರ ಮೇಲಿದ್ದ ಹೆಸರು ಪಟಕ್ಸ್. ಗುಜರಾತಿನಲ್ಲಿ ಹುಟ್ಟಿ ಕೀನ್ಯಾದಲ್ಲಿ ಬೆಳೆದ ಲಖುಭಾಯಿ ಪಾಠಕ್ ಎಂಬವರು 1956ರಲ್ಲಿ ಹೆಂಡತಿ ಶಾಂತಾಗೌರಿ ಮತ್ತು ಆರು ಮಕ್ಕಳೊಂದಿಗೆ ಲಂಡನ್ನಿಗೆ ಬಂದರು. ಕೈಯಲ್ಲಿ ಹಣವಿರಲಿಲ್ಲ. ಸಿಕ್ಕಿದ್ದು ಚರಂಡಿ ಶುಚಿ ಮಾಡುವ ಕೆಲಸ. ಆಗ ಗಂಡಹೆಂಡಿರಿಬ್ಬರೂ ಮನೆಯ ಅಡಿಗೆಮನೆಯಲ್ಲೇ ಸಮೋಸ, ಸಿಹಿತಿಂಡಿ ಮಾಡಿ ಮಾರಲು ಶುರು ಮಾಡಿದರು. ಶಾಲೆ ಬಿಟ್ಟು ಬಂದ ಮಕ್ಕಳು ಮನೆಮನೆಗೆ ತಲುಪಿಸಿ ಬರುತ್ತಿದ್ದರು. ಒಗ್ಗರಣೆಯ ವಾಸನೆ ನೆರೆಯವರಿಗೆ ಹಿಡಿಸದೆ ತಕರಾರು ಬಂತು. ಲಂಡನ್ ಬಿಟ್ಟು ದೂರದ ಊರಿಗೆ ಹೋಗಬೇಕಾಯಿತು. ಉಪ್ಪಿನಕಾಯಿ, ಎಣ್ಣೆಯಲ್ಲಿ ಕಾಪಾಡಿದ ಮಸಾಲೆ, ಕೊನೆಗೆ ಬಾಟಲಿಯ ಸಾಸುಗಳು ಬಂದವು. ಇಂಗ್ಲಿಷರ ನಾಲಿಗೆಗೆ ಸುಲಭವಾಗಲೆಂದು ಹೆಸರಿನೊಳಗಿನ ಮಹಾಪ್ರಾಣವನ್ನೂ ಬಿಟ್ಟುಕೊಟ್ಟರು. 1972ರಲ್ಲಿ ಇದಿ ಅಮೀನ್ ಉಗಾಂಡದಿಂದ ಏಷ್ಯದವರನ್ನು ಓಡಿಸಿದಾಗ ಇಂಗ್ಲೆಂಡಿನ ಶಿಬಿರಗಳಿಗೆ ಬಂದಿಳಿದ ನಿರಾಶ್ರಿತರಿಗೆ ಊಟದ ಸಾಮಾನು ಕೊಟ್ಟವರಲ್ಲಿ ಈ ಮನೆತನವೂ ಒಂದು.

ಇಲ್ಲಿಯವರೆಗೆ ಓದಿ ನನಗೆ ಹೆಮ್ಮೆಯಾಯಿತು. ಮುಂದಿನದನ್ನು ಓದಿ ಮನಸ್ಸು ಪೆಚ್ಚಾಯಿತು. ಆ ಮನೆಯ ಇಬ್ಬರು ಹೆಣ್ಣುಮಕ್ಕಳು ಕಂಪನಿಯ ತಮ್ಮ ಷೇರುಗಳು ತಮಗೆ ಸೇರಬೇಕೆಂದು ಲಂಡನ್ನಿನ ಹೈಕೋರ್ಟಿಗೆ ಹೋದರು. ತಾಯಿಯ ಕೈಗೆ ನಂಬಿ ಕೊಟ್ಟದ್ದು ಸಹೋದರನ ಪಾಲಾಯಿತು ಎಂಬುದು ಅವರ ದೂರು. ತಾಯಿ ಮಗನ ಕಡೆ ನಿಂತರು. ಹೆಣ್ಣುಮಕ್ಕಳಿಗೆ ವ್ಯಾಪಾರದಲ್ಲಿ ಪಾಲು ಕೊಡುವುದು ನಮ್ಮ ಸಂಪ್ರದಾಯವಲ್ಲ ಎಂಬ ಮಾತೂ ಅಲ್ಲಿ ಬಂತು. 2004ರಲ್ಲಿ ವ್ಯಾಜ್ಯ ರಾಜಿಯಲ್ಲಿ ಮುಗಿಯಿತು. ಯಾರದು ಸರಿ, ಯಾರದು ತಪ್ಪು ಎಂದು ಹೇಳಲು ನಾನು ಯಾರು? ಆದರೆ ಪೇಪರಿನ ಆ ಸುದ್ದಿಯಲ್ಲಿ ನನಗೆ ಕಂಡದ್ದು ನಮ್ಮ ದೊಡ್ಡಮ್ಮನ ಮನೆ.

ನಮ್ಮ ದೊಡ್ಡಮ್ಮ, ಅಮ್ಮನ ಅಕ್ಕ, ಇಪ್ಪತ್ತಾರಕ್ಕೆ ಗಂಡನನ್ನು ಕಳೆದುಕೊಂಡವರು. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಓದಿಲ್ಲ, ಜಮೀನಿಲ್ಲ. ಕೈಯಲ್ಲಿದ್ದದ್ದು ಗೊಜ್ಜಿನ ಹದ ಒಂದೇ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹುಣಸೆಹಣ್ಣು ಕಿವುಚುತ್ತಿದ್ದರು. ಹಾರ್ಲಿಕ್ಸಿನ ಖಾಲಿ ಗಾಜಿನ ಬಾಟಲಿಗಳನ್ನು ಕೇರಿಯಲ್ಲೆಲ್ಲ ಕೇಳಿ ತಂದು, ತೊಳೆದು, ಬಿಸಿಲಿನಲ್ಲಿ ಒಣಗಿಸಿ, ಗೊಜ್ಜು ತುಂಬಿ ಮಾರುತ್ತಿದ್ದರು. ಆ ಬಾಟಲಿಗಳನ್ನು ತೊಳೆಯುತ್ತಿದ್ದವಳು ನಮ್ಮ ಅಕ್ಕ, ದೊಡ್ಡಮ್ಮನ ಮಗಳು. ತಮ್ಮಂದಿರು ಓದಲೆಂದು ಏಳನೆಯ ಕ್ಲಾಸಿಗೇ ಶಾಲೆ ಬಿಟ್ಟವಳು. ಮೆಣಸಿನಕಾಯಿ ಹುರಿದು ಹುರಿದು ಅವಳ ಕೆಮ್ಮು ಕಡೆಯವರೆಗೂ ಹೋಗಲಿಲ್ಲ. ಹೀಗೆ ದುಡಿದ ದುಡ್ಡಿನಲ್ಲಿ ದೊಡ್ಡಮ್ಮ ತಮ್ಮ ಹೆಸರಿನಲ್ಲೇ ಎರಡು ಅಂಕಣದ ಮನೆ ಕೊಂಡರು. ಆದರೂ ನೆಂಟರಿಷ್ಟರು ಅವರ ಬಗ್ಗೆ ಹೇಳುತ್ತಿದ್ದದ್ದು, "ಪಾಪ, ಏನೋ ಗೊಜ್ಜು ಕಾಸ್ಕೊಂಡಿದಾಳೆ" ಎಂದು. ಅದನ್ನು ಯಾರೂ ಉದ್ಯೋಗ ಎನ್ನಲಿಲ್ಲ.

1991ರಲ್ಲಿ ದೊಡ್ಡಮ್ಮ ತೀರಿಕೊಂಡರು. ಹದಿಮೂರನೆಯ ದಿನದ ಊಟ ಮುಗಿದ ಮೇಲೆ ತಮ್ಮಂದಿರು ಒಂದು ಕಾಗದ ತಂದರು. ಅಕ್ಕ ಹಕ್ಕು ಬಿಡುಗಡೆಗೆ ಸಹಿ ಹಾಕಿದಳು. ಒಂದು ಸೀರೆ ಕೊಟ್ಟರು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ತಾಯಿಯ ಹೆಸರಿನ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ಬಿ.ಎ. ಓದಿದ ನಾನು ಆ ಹೊತ್ತು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದೆ. ಪರೀಕ್ಷೆಯಲ್ಲಿ ಬರೆದಿದ್ದ ಕಾಯಿದೆ ಬಾಯಿಗೆ ಬರಲಿಲ್ಲ. ತವರು ಉಳಿಯಲಿ ಎಂದು ಅವಳು ಸಹಿ ಹಾಕಿದಳು. ಮಾತು ಬೆಳೆಯದಿರಲಿ ಎಂದು ನಾನು ಸುಮ್ಮನಿದ್ದೆ. ಇಂದಿಗೂ ಅದು ನನ್ನನ್ನು ಚುಚ್ಚುತ್ತದೆ.

ಹೆಂಗಸರ ಕೈಯ ರುಚಿ ಲೆಕ್ಕದ ಪುಸ್ತಕಕ್ಕೆ ಏರಿದ ಉದಾಹರಣೆಗಳೂ ಇವೆ. 1959ರಲ್ಲಿ ಮುಂಬಯಿಯ ಗಿರ್‌ಗಾಂವಿನಲ್ಲಿ ಏಳು ಜನ ಗುಜರಾತಿ ಗೃಹಿಣಿಯರು 80 ರೂಪಾಯಿ ಸಾಲ ಮಾಡಿ ಮಹಡಿಯ ಮೇಲೆ ಹಪ್ಪಳ ಒತ್ತಲು ಕೂತರು. ಅದೇ ಲಿಜ್ಜತ್ ಆಯಿತು. ಅಲ್ಲಿ ಹಪ್ಪಳ ಒತ್ತುವವಳೇ ಒಡತಿ. ಲಾಭದಲ್ಲಿ ಅವಳಿಗೆ ಪಾಲುಂಟು. ನಮ್ಮ ಬೆಂಗಳೂರಿನ ಎಂ.ಟಿ.ಆರ್. ಕಥೆ ನಿಮಗೆ ಗೊತ್ತೇ ಇದೆ. 1924ರಲ್ಲಿ ಮಯ್ಯ ಸಹೋದರರು ತೆರೆದ ಹೋಟೆಲು, ತುರ್ತುಪರಿಸ್ಥಿತಿಯ ಕಾಲದಲ್ಲಿ ತಿಂಡಿಯ ಬೆಲೆಯನ್ನು ಸರ್ಕಾರ ಇಳಿಸಿದಾಗ ಬಾಗಿಲು ಹಾಕಿ, ಪುಡಿ ಮತ್ತು ಮಿಕ್ಸುಗಳನ್ನು ಮಾರಲು ತೊಡಗಿತು. ಮುಂದೆ ತೆರೆದು ಬಿಸಿ ಮಾಡಿ ಉಣ್ಣುವ ಪೊಟ್ಟಣಗಳೂ ಬಂದವು. ಅದರ ವಿದ್ಯೆ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯದಲ್ಲಿ ಬೆಳೆದದ್ದು; ಅಪೇರನ ಕಾಲದಂತೆ ಇಲ್ಲೂ ಮೊದಲು ಸೈನಿಕರು, ಆಮೇಲೆ ನಾವು. 2007ರಲ್ಲಿ ಎಂ.ಟಿ.ಆರ್. ಫುಡ್ಸ್ ನಾರ್ವೆಯ ಕಂಪನಿಗೆ ಹೋಯಿತು, ಅದೇ ವರ್ಷ ಪಟಕ್ಸ್ ಕೂಡ ಇಂಗ್ಲೆಂಡಿನ ದೊಡ್ಡ ಕಂಪನಿಯೊಂದರ ಪಾಲಾಯಿತು.

ಹಾಗೆಂದು ಬಾಟಲಿ ಬೇಡವೆಂದು ನಾನು ಹೇಳುವುದಿಲ್ಲ. ದಣಿದು ಬಂದ ಸಂಜೆ ಅದು ಒಂದು ಗಂಟೆ ಉಳಿಸಿಕೊಡುತ್ತದೆ. ಉಪ್ಪು, ಎಣ್ಣೆ, ಸಕ್ಕರೆ ಎಷ್ಟೆಂದು ಚೀಟಿ ಓದಿ ಕೊಳ್ಳಿ, ಮುಚ್ಚಳ ಉಬ್ಬಿದ್ದರೆ ಮುಟ್ಟಬೇಡಿ, ತೆರೆದ ಮೇಲೆ ಫ್ರಿಜ್ಜಿನಲ್ಲಿಟ್ಟು ಬೇಗ ಮುಗಿಸಿ. ಬಿಡುವಿದ್ದ ಭಾನುವಾರ ಈರುಳ್ಳಿ ಟೊಮೇಟೊ ಬಾಡಿಸಿ, ಮಸಾಲೆ ಸೇರಿಸಿ, ವಾರಕ್ಕಾಗುವಷ್ಟನ್ನು ಸಣ್ಣ ಡಬ್ಬಿಗಳಲ್ಲಿ ಫ್ರೀಜರಿಗೆ ಸೇರಿಸಿದರೆ ಅದೂ ನಮ್ಮದೇ ಸಾಸು. ಅದನ್ನು ಕೂತು ಮಾಡುವಾಗ ಈರುಳ್ಳಿ ಹೆಚ್ಚುವ ಕೈ ಗಂಡಸರದ್ದಾದರೂ ರುಚಿ ಕೆಡುವುದಿಲ್ಲ. ನಮ್ಮ ಮನೆಯಲ್ಲಿ ನೋಡಿಯಾಗಿದೆ.

ಕಳೆದ ಬೇಸಿಗೆಯಲ್ಲಿ ಮಗಳು ಬಂದಾಗ ಸೂಟ್‌ಕೇಸಿನಲ್ಲಿ ಒಂದು ಬಾಟಲಿಯೂ ಬಂತು. ಅತ್ತೆಯವರು ಸುಮ್ಮನಿರಲಿಲ್ಲ, ಬೆರಳ ತುದಿಯಲ್ಲಿ ನೆಕ್ಕಿ ನೋಡಿದರು. "ಹುಳಿ ಸಾಲದು. ಆದ್ರೂ ಪರವಾಗಿಲ್ಲ" ಎಂದರು. ನಾನು ಧೈರ್ಯ ಮಾಡಿ 1996ರ ಪೊಟ್ಟಣದ ವಿಷಯ ಒಪ್ಪಿಕೊಂಡೆ.

"ಬೇಳೆ ಡಬ್ಬಿ ಹಿಂದೆ ತಾನೇ?" ಎಂದರು ಅವರು. "ನೀನು ಸ್ಕೂಲಿಗೆ ಹೋದ ಮೇಲೆ ನಾನೂ ಅದರಿಂದಲೇ ಎರಡು ಚಮಚ ತೆಗೆದು ಸಾರಿಗೆ ಹಾಕ್ತಿದ್ದೆ ಕಣೇ. ಮೂವತ್ತು ವರ್ಷ ರುಬ್ಬಿದ ರಟ್ಟೆ ಇದು, ನೋಯಲ್ವೇ? ನೀನು ಏನಂದುಕೊಳ್ತೀಯೋ ಅಂತ ನಾನು ಬಾಯಿ ಬಿಡಲಿಲ್ಲ."

ಇಬ್ಬರೂ ಒಬ್ಬರಿಗೊಬ್ಬರು ಹೆದರಿ ಒಂದೇ ಪೊಟ್ಟಣವನ್ನು ಬಚ್ಚಿಟ್ಟಿದ್ದೆವು. ಆ ಸಂಜೆ ನಾನು ಅಕ್ಕನಿಗೆ ಫೋನು ಮಾಡಿದೆ. ಅವಳಿಗೆ ಈಗ ಎಪ್ಪತ್ತು. ದೊಡ್ಡಮ್ಮನ ಗೊಜ್ಜಿನ ಅಳತೆ ಹೇಳು, ಬರೆದಿಟ್ಟುಕೊಳ್ಳುತ್ತೇನೆ ಎಂದೆ. ಅವಳು ಕೆಮ್ಮುತ್ತ, ನಿಧಾನವಾಗಿ, ಒಂದೊಂದೇ ಹೇಳಿದಳು. ಪುಟದ ಮೇಲ್ಗಡೆ ನಾನು ಮೊದಲು ದೊಡ್ಡಮ್ಮನ ಹೆಸರನ್ನೂ ಅದರ ಪಕ್ಕದಲ್ಲಿ ಅವಳ ಹೆಸರನ್ನೂ ಬರೆದೆ.