‘ಗಂಡು ದನಿ’ ಅಂತ ಯಾರನ್ನು ಹಿಂದೆ ಕೂರಿಸಿದಿರಿ?

ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆ ಮದುವೆ ಮನೆಯಲ್ಲಿ ಸೋಬಾನೆ ಕೇಳಿದ್ದೀರಲ್ಲ? ಒಬ್ಬರು ಸೊಲ್ಲು ಹೇಳುತ್ತಾರೆ, ಉಳಿದವರು ಎತ್ತಿಕೊಳ್ಳುತ್ತಾರೆ. ತೆಳು ದನಿ, ದಪ್ಪ ದನಿ ಎಲ್ಲವೂ ಸೇರುತ್ತವೆ. ಶಾಲೆಯ ವೇದಿಕೆಯಲ್ಲಿ ಹಾಗಿಲ್ಲ. ನಾನು ಓದುವಾಗ ಜೊತೆಯ ಹುಡುಗಿಯೊಬ್ಬಳನ್ನು ‘ನಿಂದು ಗಂಡು ದನಿ’ ಅಂತ ಪ್ರಾರ್ಥನೆ ಹಾಡುವ ಸಾಲಿನಿಂದ ಹಿಂದಕ್ಕೆ ಕಳಿಸಿದರು. ಆಮೇಲೆ ಅವಳು ಹಾಡಿದ್ದನ್ನು ನಾನು ಕೇಳಲೇ ಇಲ್ಲ.

ಹೆಣ್ಣಿನ ದನಿ ಎಂದರೆ ಎತ್ತರದ ದನಿಯೇ ಆಗಬೇಕೇ?

ಗಂಟಲಿನ ಧ್ವನಿತಂತು ಉದ್ದ, ದಪ್ಪ ಇದ್ದಷ್ಟೂ ದನಿ ತಗ್ಗು. ಗಿಡ್ಡ, ತೆಳು ಇದ್ದರೆ ಎತ್ತರ. ಹೆಂಗಸರಲ್ಲೂ ಇದು ಒಬ್ಬೊಬ್ಬರಿಗೆ ಒಂದೊಂದು ಥರ. ಪಾಶ್ಚಾತ್ಯ ಸಂಗೀತದವರು ಇದಕ್ಕೆ ಮೂರು ಹೆಸರು ಇಟ್ಟಿದ್ದಾರೆ: ಎತ್ತರಕ್ಕೆ ಸೊಪ್ರಾನೊ, ನಡುವಿನದಕ್ಕೆ ಮೆಝೊ ಸೊಪ್ರಾನೊ, ತಗ್ಗಿಗೆ ಕಾಂಟ್ರಾಲ್ಟೊ. ಮೂರೂ ಹೆಣ್ಣಿನ ದನಿಗಳೇ. ನಮ್ಮಲ್ಲಿ ಆ ಹೆಸರುಗಳಿಲ್ಲ, ಅವರವರ ಗಂಟಲಿಗೆ ಒಪ್ಪುವ ಶ್ರುತಿ ಹಿಡಿಯುತ್ತೇವೆ.

ನಮ್ಮ ಜಿಲ್ಲೆಯ ಇತಿಹಾಸವನ್ನೇ ನೋಡಿ. 1884ರಲ್ಲಿ ಗುಬ್ಬಿಯಲ್ಲಿ ನಾಟಕ ಕಂಪನಿ ಹುಟ್ಟಿತು. ಆ ಕಾಲದ ಕಂಪನಿಗಳಲ್ಲಿ ಹೆಣ್ಣು ಪಾತ್ರ ಗಂಡಸರದ್ದೇ. ಸೀರೆ ಉಟ್ಟು, ದನಿ ಏರಿಸಿ ಹಾಡುತ್ತಿದ್ದರು. ಮೈಕ್ ಇಲ್ಲದ ಕಾಲ, ಕೊನೆಯ ಸಾಲಿಗೂ ಹಾಡು ಮುಟ್ಟಬೇಕಿತ್ತು. ಮುಂದೆ ಗುಬ್ಬಿ ವೀರಣ್ಣನವರು ಹೆಣ್ಣುಮಕ್ಕಳನ್ನೇ ರಂಗಕ್ಕೆ ತಂದರು. ಬಿ. ಜಯಮ್ಮನಂಥವರು ನಟನೆಗೂ ಹಾಡಿಗೂ ಹೆಸರಾದರು. ಅಂದರೆ ಎತ್ತರದ ದನಿಯನ್ನು ಒಂದು ಕಾಲಕ್ಕೆ ಗಂಡಸರೇ ಹಾಡಿ ಜನರನ್ನು ಮೆಚ್ಚಿಸಿದ್ದರು!

ಇನ್ನು ತಗ್ಗು ದನಿಗೆ ಸಾಕ್ಷಿ ಗಂಗೂಬಾಯಿ ಹಾನಗಲ್. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದವರು, ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯೆ. 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದ ಗ್ರಾಮಫೋನ್ ತಟ್ಟೆಗಳಲ್ಲಿ ಅವರದು ತೆಳುವಾದ, ಎತ್ತರದ ದನಿ. ಮುಂದೆ ಗಂಟಲಿನ ತೊಂದರೆ, ಚಿಕಿತ್ಸೆ ಆದ ಮೇಲೆ ದನಿ ದಪ್ಪಗಾಯಿತು. ಮುಖ ನೋಡದೆ ಕೇಳಿದರೆ ಗಂಡಸು ಅಂದುಕೊಳ್ಳುವಷ್ಟು. ಅವರು ಹಾಡು ಬಿಡಲಿಲ್ಲ. ಅದೇ ದನಿಗೆ ತಕ್ಕ ಶ್ರುತಿ ಹಿಡಿದು ಕಿರಾಣಾ ಘರಾಣೆಯ ದೊಡ್ಡ ಹೆಸರಾದರು. 2002ರಲ್ಲಿ ಪದ್ಮವಿಭೂಷಣ ಬಂತು. 2009ರಲ್ಲಿ ತೀರಿಕೊಂಡರು.

ಫೋನಿನಲ್ಲೇ ಅವರ ಮೊದಲ ಹಾಡು, ಆಮೇಲಿನ ಹಾಡು ಎರಡನ್ನೂ ಕೇಳಿ ನೋಡಿ. ನಿಮ್ಮ ಮನೆಯಲ್ಲಿ ದಪ್ಪ ದನಿಯ ಹುಡುಗಿ ಇದ್ದರೆ ಅವಳಿಗೂ ಕೇಳಿಸಿ. ಹಾರ್ಮೋನಿಯಂ ಮೇಷ್ಟ್ರು ಹಿಡಿದ ಶ್ರುತಿ ಅವಳಿಗೆ ಎಟುಕದಿದ್ದರೆ ಒಂದೆರಡು ಮನೆ ಕೆಳಗಿಳಿಸಲು ಹೇಳಿ. ಇಳಿಸಬೇಕಾದ್ದು ಶ್ರುತಿಯನ್ನು, ವೇದಿಕೆಯಿಂದ ಹುಡುಗಿಯನ್ನಲ್ಲ.