ತಲೆಗೆ ಸುರಿದ ಬಿಸಿನೀರು, ನರಕೋಶದ ಬಾಗಿಲು

ನಂಜನಗೂಡು, ತಿ. ನರಸೀಪುರದ ಕಡೆ ಬಚ್ಚಲುಮನೆ ಎಂದರೆ ಹಂಡೆ, ಒಲೆ, ಚೊಂಬು. ಸುಡುಸುಡು ನೀರನ್ನು ಒಂದೇ ಸಮನೆ ತಲೆಗೆ ಹುಯ್ದುಕೊಂಡರೇ ನಮಗೆ ಸ್ನಾನವಾದಂತೆ. ಹಾಗೆ ಹುಯ್ದುಕೊಳ್ಳುವಾಗಲೇ ಕೆಲವರಿಗೆ ಕಣ್ಣು ಮಂಕಾಗಿ, ಮಾತು ತೊದಲಿ, ಮೂರ್ಛೆ ಬರುತ್ತದೆ. ನಮ್ಮೂರುಗಳಲ್ಲಿ ಇದನ್ನು ಗಾಳಿ ಸೋಕಿದ್ದು ಎನ್ನುತ್ತಿದ್ದರು. ಬಿದ್ದವರ ಕೈಗೆ ಕಬ್ಬಿಣದ ಬೀಗದ ಕೈ ಕೊಡುವುದಂತೂ ಇನ್ನೂ ನಿಂತಿಲ್ಲ. ವೈದ್ಯರು ಇಟ್ಟ ಹೆಸರು ಬಿಸಿನೀರಿನ ಅಪಸ್ಮಾರ.

1945ರಲ್ಲಿ ನ್ಯೂಜಿಲೆಂಡಿನಿಂದ ಇದರ ಮೊದಲ ವರದಿ ಬಂತು. ಹೊರದೇಶಗಳಲ್ಲಿ ಇದು ಅಪರೂಪ, ನಮ್ಮಲ್ಲಿ ಹಾಗಲ್ಲ. 1968ರಲ್ಲಿ ಬೆಂಗಳೂರಿನ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಇದರ ಬಗ್ಗೆ ಬರೆದರು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಜೊತೆಗಾರರು 279 ರೋಗಿಗಳ ವಿವರ ಕೊಟ್ಟರು. ಆಮೇಲೆ ಮಣಿಯವರ ತಂಡ ನಮ್ಮ ಮಗ್ಗುಲಿನ ಯಳಂದೂರಿಗೇ ಬಂದು (1997ರವರೆಗೆ ಅದೂ ಮೈಸೂರು ಜಿಲ್ಲೆಯೇ) ಮನೆಮನೆ ಎಣಿಸಿತು. ಬೆಂಗಳೂರು ಭಾಗದ ಸಮೀಕ್ಷೆಯಲ್ಲಿ ಲಕ್ಷಕ್ಕೆ 60 ಮಂದಿಗಿದ್ದ ಕಾಯಿಲೆ ಯಳಂದೂರಿನಲ್ಲಿ ಲಕ್ಷಕ್ಕೆ 255 ಮಂದಿಗಿತ್ತು.

ಮೂರ್ಛೆ ಹುಟ್ಟುವುದು ಮಿದುಳಿನ ನರಕೋಶಗಳಲ್ಲಿ. ಕೋಶದ ಸುತ್ತಲಿನ ಪೊರೆ ಜಿಡ್ಡಿನದು, ಉಪ್ಪಿನ ಅಯಾನುಗಳನ್ನು ಬಿಟ್ಟುಕೊಳ್ಳುವುದಿಲ್ಲ. ಅವು ಓಡಾಡಲು ಪ್ರೋಟೀನಿನ ಬಾಗಿಲುಗಳಿವೆ. ಸೋಡಿಯಂ ಬಾಗಿಲನ್ನೇ ನೋಡಿ: ಒಂದೇ ಉದ್ದನೆಯ ಪ್ರೋಟೀನ್ ಸರಪಳಿ ನಾಲ್ಕು ಭಾಗವಾಗಿ ಮಡಚಿಕೊಂಡು ನಡುವೆ ಒಂದು ರಂಧ್ರ ಬಿಟ್ಟಿರುತ್ತದೆ. ಪ್ರತಿ ಭಾಗವೂ ಪೊರೆಯನ್ನು ಆರು ಸಲ ಹಾದುಹೋಗುತ್ತದೆ. ಆ ಆರರಲ್ಲಿ ಒಂದಕ್ಕೆ ವಿದ್ಯುತ್ ಏರುಪೇರು ತಿಳಿಯುತ್ತದೆ. ಅದು ಅಲುಗಿದರೆ ಬಾಗಿಲು ತೆರೆದು ಸೋಡಿಯಂ ಒಳಗೆ ನುಗ್ಗುತ್ತದೆ. ಸೆಕೆಂಡಿನ ಸಾವಿರದ ಒಂದು ಭಾಗದಷ್ಟರಲ್ಲೇ ಒಳಗಿನಿಂದ ಬಿರಡೆಯಂಥ ತುಂಡೊಂದು ಬಂದು ಅದನ್ನು ಮುಚ್ಚುತ್ತದೆ. ಪೊಟ್ಯಾಸಿಯಂ ಬೇರೆ ಬಾಗಿಲಿನಿಂದ ಹೊರಹೋಗಿ ಕೋಶ ಮೊದಲಿನಂತಾಗುತ್ತದೆ. 1952ರಲ್ಲಿ ಹಾಡ್ಜ್‌ಕಿನ್, ಹಕ್ಸ್ಲೆ ಸ್ಕ್ವಿಡ್ ಎಂಬ ಕಡಲಜೀವಿಯ ನರದಲ್ಲಿ ಈ ಲೆಕ್ಕ ಬಿಡಿಸಿದ್ದು ಬಾಗಿಲನ್ನು ಕಾಣದೆಯೇ. ಒಂಟಿ ಬಾಗಿಲಿನ ವಿದ್ಯುತ್ತನ್ನು ಅಳೆದದ್ದು 1976ರಲ್ಲಿ, ನೇಹರ್ ಮತ್ತು ಸಾಕ್‌ಮನ್.

ಸಾವಿರಾರು ನರಕೋಶಗಳು ಒಟ್ಟೊಟ್ಟಿಗೆ, ಮತ್ತೆಮತ್ತೆ ಹೀಗೆ ಮಿಡಿದರೆ ಅದೇ ಮೂರ್ಛೆ. 1938ರಿಂದ ಬಳಕೆಯಲ್ಲಿರುವ ಫೆನಿಟಾಯಿನ್ ಮಾತ್ರೆ, ಮುಚ್ಚಿದ ಸೋಡಿಯಂ ಬಾಗಿಲು ಬೇಗ ಸಜ್ಜಾಗದಂತೆ ತಡೆಯುತ್ತದೆ. ಫಿನೋಬಾರ್ಬಿಟಾಲ್ ಕ್ಲೋರೈಡ್ ಬಾಗಿಲನ್ನು ಹೆಚ್ಚು ಹೊತ್ತು ತೆರೆದಿಟ್ಟು ಕೋಶವನ್ನು ಸುಮ್ಮನಿರಿಸುತ್ತದೆ. ಯಳಂದೂರಿನಲ್ಲಿ ಕೊಟ್ಟದ್ದು ಈ ಎರಡು ಅಗ್ಗದ ಮಾತ್ರೆಗಳನ್ನೇ. ಅವುಗಳಿಂದಲೇ ಹಳ್ಳಿಯಲ್ಲೂ ಮೂರ್ಛೆಯನ್ನು ಹತೋಟಿಗೆ ತರಬಹುದೆಂಬ ಫಲಿತಾಂಶ 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ನಮ್ಮ ಹಳ್ಳಿಗಾಡು ಜಗತ್ತಿಗೆ ಪಾಠ ಹೇಳಿದ ಸಂಗತಿ ನಮ್ಮಲ್ಲೇ ಸುದ್ದಿಯಾಗಿದ್ದು ಕಡಿಮೆ.

ಬಿಸಿನೀರಿಗೇ ಏಕೆ ಕೆರಳುತ್ತದೆ? ಕೆಲವು ಮನೆತನಗಳಲ್ಲಿ ಇದು ಸಾಗಿಬರುವುದನ್ನು ಕಂಡು ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಮತ್ತು ನಿಮ್ಹಾನ್ಸ್ ತಂಡದವರು 2009ರಲ್ಲಿ 10 ಮತ್ತು 4ನೇ ವರ್ಣತಂತುಗಳಲ್ಲಿ ಒಂದೊಂದು ತಾಣ ಗುರುತಿಸಿದರು. ಇಂಥದೇ ಬಾಗಿಲು ಕೆಟ್ಟಿದೆ ಎಂದು ಎಲ್ಲ ರೋಗಿಗಳ ವಿಷಯದಲ್ಲೂ ಬೆರಳು ತೋರಿಸುವ ಹಾಗಿಲ್ಲ.

ಅಷ್ಟರೊಳಗೆ ಕಾನೂನು ತನ್ನ ತೀರ್ಪು ಕೊಟ್ಟುಬಿಟ್ಟಿತ್ತು. 1976ರ ತಿದ್ದುಪಡಿಯ ನಂತರ ಹಿಂದೂ ವಿವಾಹ ಕಾಯ್ದೆಯಲ್ಲಿ ಮತ್ತೆಮತ್ತೆ ಬರುವ ಮೂರ್ಛೆಯೂ ಮದುವೆ ರದ್ದುಪಡಿಸಲು ಕಾರಣವಾಗಿತ್ತು. ಅದನ್ನು ತೆಗೆದದ್ದು 1999ರಲ್ಲಿ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಮಾತ್ರ ಹಳೆಯ ಕಾಯ್ದೆಯೇ ಜಾರಿಯಲ್ಲಿದೆ. ಮಾತ್ರೆಯ ಚೀಟಿಯನ್ನು ಬಟ್ಟೆಯ ಕೆಳಗೆ ಬಚ್ಚಿಡುವ ಮನೆಗಳು ನಮ್ಮ ಸುತ್ತಲೇ ಇವೆ. ಎಷ್ಟೋ ಜನಕ್ಕೆ ನೀರನ್ನು ಉಗುರುಬೆಚ್ಚಗೆ ಮಾಡಿಕೊಂಡರೆ ಸಾಕಾಗುತ್ತದೆ. ಸಾಲದವರಿಗೆ ಸ್ನಾನಕ್ಕೆ ಒಂದೆರಡು ಗಂಟೆ ಮುಂಚೆ ಕ್ಲೋಬಜಾಮ್ ಮಾತ್ರೆ ಬರೆದುಕೊಡುತ್ತಾರೆ, ಅದನ್ನು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು.